ಎಡದಿಂದ ಮೊದಲನೆಯವರು

ಬಿಸಿನೀರಿನ ಸ್ನಾನ ಮುಗಿಸಿ, ತಲೆ ಒರೆಸಿಕೊಳ್ಳುತ್ತ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತಾಗ ಏನು ಕಾಣುತ್ತದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಗಾಜಿನ ತುಂಬ ಹಬೆ. ಅದರ ಹಿಂದೆ ಎಲ್ಲೋ ನಿಮ್ಮ ಮುಖ. ಅದು ನಿಮ್ಮದೇ ಎಂಬುದಕ್ಕೆ ಬಚ್ಚಲಲ್ಲಿ ಬೇರೆ ಯಾರೂ ಇಲ್ಲ ಎಂಬುದೊಂದೇ ಸಾಕ್ಷಿ. ವಯಸ್ಸು, ಸುಕ್ಕು, ನೆನ್ನೆಯ ನಿದ್ದೆಗೇಡು ಎಲ್ಲವೂ ಕರಗಿ, ಮನುಷ್ಯ ಕ್ಷಣಕಾಲ ಸುಂದರನಾಗುತ್ತಾನೆ. ಆದರೆ ಕನ್ನಡಿಯ ಸುತ್ತಲ ನೀಲಿ ಪ್ಲಾಸ್ಟಿಕ್ ಚೌಕಟ್ಟನ್ನು ನೋಡಿ: ಅಂಗಡಿಯಿಂದ ತಂದ ದಿನ ಎಷ್ಟು ಖಚಿತವಾಗಿತ್ತೋ ಈಗಲೂ ಅಷ್ಟೇ ಖಚಿತ. ನಡುವೆ ಮಂಜು, ಅಂಚಿನಲ್ಲಿ ನಿಖರತೆ. ಹಂಡೆ ಒಲೆಯ ಕಾಲದಿಂದಲೂ ನಮ್ಮ ಬಚ್ಚಲುಗಳಲ್ಲಿ ಯಾರ ಅಪ್ಪಣೆಯನ್ನೂ ಕಾಯದೆ ನಡೆಯುತ್ತಿರುವ ಈ ಸಣ್ಣ ಪವಾಡವನ್ನು ಕಂಪ್ಯೂಟರಿನ ತೆರೆಯ ಮೇಲೆ ನಡೆಸಿಕೊಡಲು ಒಂದು ಕಚೇರಿಗೆ ಮೂರು ವಾರ ಹಿಡಿಯಿತು ಎಂದರೆ ನೀವು ನಗುತ್ತೀರಿ. ಆ ಮೂರು ವಾರ ನಾನು ಆ ಕಚೇರಿಯಲ್ಲೇ ಕುಳಿತಿದ್ದೆ. ಆಗ ಯಾರೂ ನಗುತ್ತಿರಲಿಲ್ಲ.

ಎರಡು ಸಾವಿರದ ಹದಿನಾರರ ಮಾತು. ಪತ್ರಿಕೆಯೊಂದರ ಸಂಪಾದಕೀಯ ವಿಭಾಗದಲ್ಲಿ ಹಲವು ವರ್ಷ ಇನ್ನೊಬ್ಬರ ಬರಹವನ್ನು ಕತ್ತರಿಸಿದ ಮೇಲೆ, ನಾನು ಕೊಡಿಗೇಹಳ್ಳಿಯ ಬೇಕರಿಯೊಂದರ ಮೇಲಿನ ಮಹಡಿಯಲ್ಲಿದ್ದ ವೆಬ್‌ಸೈಟ್ ಕಂಪನಿಗೆ ಬರಹಗಾರನಾಗಿ ಸೇರಿದ್ದೆ. ಪತ್ರಿಕೆಯಲ್ಲಿ ಬರಹಕ್ಕೆ ಜಾಗ ಸಾಲದೆ ಚಿತ್ರ ಚಿಕ್ಕದಾಗುತ್ತಿತ್ತು. ಇಲ್ಲಿ ಚಿತ್ರಗಳೆಲ್ಲ ಆರಾಮವಾಗಿ ಕಾಲು ಚಾಚಿ ಮಲಗಿದ ಮೇಲೆ ಉಳಿದ ಸಂದಿಯಲ್ಲಿ ಬರಹ ಮುದುರಿಕೊಳ್ಳಬೇಕಿತ್ತು. ಹಳೆಯ ಕಸುಬಿನಿಂದ ನಾನು ಹೊತ್ತು ತಂದ ಆಸ್ತಿ ಎಂದರೆ ಒಂದೇ ಒಂದು ಶಿಸ್ತು. ಗುಂಪು ಫೋಟೋ ಬಂದರೆ ಅದರ ಕೆಳಗೆ 'ಎಡದಿಂದ' ಎಂದು ಆರಂಭಿಸಿ ಎಲ್ಲರ ಹೆಸರು ಬರೆಯಬೇಕು. ಎಷ್ಟು ತಲೆಯೋ ಅಷ್ಟು ಹೆಸರು. ಎರಡು ಸಲ ಎಣಿಸಬೇಕು. ಈ ಶಿಸ್ತಿಗೆ ಇನ್ನೊಂದು ಅರ್ಧವೂ ಇದೆ. ಹೆಸರು ಬರೆದಾದ ಮೇಲೆ ಚಿತ್ರದ ಅಂಚನ್ನು ಯಾರೂ ಮುಟ್ಟಬಾರದು. ಮುಟ್ಟಿದರೆ ಕೂಗಿ ಹೇಳಬೇಕು. ಪತ್ರಿಕೆಯಲ್ಲಿ ಪುಟ ಕಟ್ಟುವವರು ಅರ್ಧ ಸೆಂಟಿಮೀಟರ್ ಕತ್ತರಿಸಿದರೂ 'ಎಡಗಡೆ ಒಬ್ರು ಹೋದ್ರು ನೋಡ್ರೀ' ಎಂದು ಇಡೀ ಕೋಣೆಗೆ ಕೇಳುವಂತೆ ಕೂಗುತ್ತಿದ್ದರು. ಯಾರೋ ತೀರಿಹೋದರೆಂದು ಹೊಸಬರು ಎದ್ದು ನಿಲ್ಲುತ್ತಿದ್ದರು. ವೆಬ್‌ಸೈಟ್ ಕಚೇರಿಯಲ್ಲಿ ಆ ಕೂಗು ಇರಲಿಲ್ಲ. ಅಲ್ಲಿ ಎಲ್ಲರ ಕಿವಿಯಲ್ಲೂ ಹಾಡಿನ ತಂತಿ ಇರುತ್ತಿತ್ತು.

ನಮ್ಮಲ್ಲಿ ಪುಟಗಳಿಗೆ ಜೀವ ಕೊಡುತ್ತಿದ್ದವಳು ಫರ್ಹಾನಾ. ಆರ್.ಟಿ. ನಗರದಿಂದ ಬಸ್ಸು ಹಿಡಿದು ಬರುತ್ತಿದ್ದ, ಇಪ್ಪತ್ತಾರರ ಆಸುಪಾಸಿನ, ಕೆಲಸದಲ್ಲಿ ಚುರುಕಾದ ಹುಡುಗಿ. ಗಿರಾಕಿಗಳು ಏನು ಕೇಳಿದರೂ ಮೊದಲು 'ಆಗುತ್ತೆ' ಎನ್ನುವುದು, ಆಮೇಲೆ ಅದು ಹೇಗಾಗುತ್ತದೆಂದು ಹುಡುಕುವುದು ಅವಳ ಪದ್ಧತಿ. ನಮ್ಮ ಊರಿನ ಅಭಿವೃದ್ಧಿಯೆಲ್ಲ ಇದೇ ಪದ್ಧತಿಯಲ್ಲಿ ನಡೆಯುತ್ತದಾದ್ದರಿಂದ ನಾನು ಅವಳನ್ನು ದೂರುವಂತಿಲ್ಲ.

ಆ ವರ್ಷ ಜಗತ್ತಿನ ವೆಬ್‌ಸೈಟುಗಳಿಗೆಲ್ಲ ಮಂಜು ಹಿಡಿದಿತ್ತು. ಯಾವ ಪುಟ ತೆರೆದರೂ ಚಿತ್ರ ಮೊದಲು ಮಸುಕಾಗಿ ಬಂದು, ನಾಚಿಕೆಯಿಂದೆಂಬಂತೆ ನಿಧಾನವಾಗಿ ತಿಳಿಯಾಗುತ್ತಿತ್ತು. ಆಸ್ಪತ್ರೆಯ ಪುಟದಲ್ಲಿ ವೈದ್ಯರು ಮಂಜಿನಿಂದ ಎದ್ದು ಬರುತ್ತಿದ್ದರು. ಹೆಬ್ಬಾಳದಿಂದ ಯಲಹಂಕದವರೆಗೆ ಕಟ್ಟುತ್ತಿದ್ದ ಅಪಾರ್ಟ್‌ಮೆಂಟುಗಳ ಪುಟಗಳಲ್ಲಂತೂ ಕಟ್ಟಡ ತಿಳಿಯಾಗುತ್ತಿತ್ತು, ಅದರ ಮುಂದೆ ಇದೆಯೆಂದು ಹೇಳಲಾದ ಕೆರೆ ಕೊನೆಯವರೆಗೂ ಮಂಜಿನಲ್ಲೇ ಉಳಿಯುತ್ತಿತ್ತು. ಸ್ಪಷ್ಟವಾಗಿ ತೋರಿಸಲು ಏನೂ ಇಲ್ಲದವರಿಗೆ ಇಷ್ಟು ಅನುಕೂಲವಾದ ಅಲಂಕಾರ ಹಿಂದೆಂದೂ ಹುಟ್ಟಿರಲಿಲ್ಲ.

ನಂಜೇಗೌಡರಿಗೆ ಮಾತ್ರ ತೋರಿಸಲು ಬೇಕಾದಷ್ಟಿತ್ತು. ಕೊಡಿಗೇಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ರಾಗಿ ಬೆಳೆಯುತ್ತಿದ್ದ ಮನೆತನ; ವಿಮಾನ ನಿಲ್ದಾಣದ ರಸ್ತೆ ಬಂದ ಮೇಲೆ ಆ ಹೊಲದಲ್ಲಿ ಮದುವೆ ಛತ್ರ ಬೆಳೆಯಿತು. ತಾಯಿಯ ಹೆಸರಿನಲ್ಲಿ ಅದಕ್ಕೆ 'ಹೊನ್ನಮ್ಮ ಗ್ರ್ಯಾಂಡ್ ಪ್ಯಾಲೇಸ್' ಎಂದು ನಾಮಕರಣವಾಗಿತ್ತು. ರೋಮನ್ ಕಂಬಗಳು, ಅವುಗಳ ಮೇಲೆ ದ್ರಾವಿಡ ಗೋಪುರ, ಗೋಪುರದ ನೆತ್ತಿಯಲ್ಲಿ ಬಣ್ಣ ಬದಲಿಸುವ ದೀಪ. ಛತ್ರದ ವೆಬ್‌ಸೈಟ್ ಮಾಡಿಸಲು ಗೌಡರು ಒಂದು ಫೋಟೋ ತಂದಿದ್ದರು: ಛತ್ರದ ಗೃಹಪ್ರವೇಶದ ದಿನ ಮನೆಯವರೆಲ್ಲ ಬಾಗಿಲ ಮುಂದೆ ನಿಂತು ತೆಗೆಸಿಕೊಂಡದ್ದು.

"ಸಾ, ಜನ ಓಪನ್ ಮಾಡ್ದೇಟ್ಗೆ ಎಲ್ಲಾ ಮಂಜ್ ಮಂಜಾಗಿರ್ಬೇಕು. ಆಮ್ಯಾಕೆ ನಿಧಾನುಕ್ಕೆ ನಾವು ಕಾಣುಸ್ಕಬೇಕು. ದೇವುಸ್ಥಾನ್ದಾಗೆ ಪರದೆ ಸರ್ಸ್‌ತಾರಲ್ಲ, ಅಂಗೆ," ಎಂದರು ಗೌಡರು. ತಮ್ಮನ್ನು ಯಾವ ಸ್ಥಾನದಲ್ಲಿ ಕಲ್ಪಿಸಿಕೊಂಡಿದ್ದಾರೆಂಬುದು ಸ್ಪಷ್ಟವಿತ್ತು. ಆಮೇಲೆ ಬೆರಳೆತ್ತಿ ಸೇರಿಸಿದರು: "ಆದ್ರೆ ಫೋಟೋ ಅಂಚು ಮಾತ್ರ ಚಾಕಲ್ಲಿ ಕುಯ್ದಂಗಿರ್ಬೇಕು. ಬಚ್ಚಲ್ ಕನ್ನಡಿ ನೋಡಿದೀರಲ್ಲ? ಒಳ್ಗೆ ಹೊಗೆ, ಸುತ್ತ ಫ್ರೇಮು. ಇಂಗೆ ಬರ್ಬೇಕು."

"ಆಗುತ್ತೆ ಸರ್, ಮೂರ್ ದಿನ," ಎಂದಳು ಫರ್ಹಾನಾ.

ನಾನು ಆ ಫೋಟೋದ ಅಡಿಬರಹ ಅಂದೇ ಬರೆದೆ. ಆರು ತಲೆ, ಆರು ಹೆಸರು. ಎಡದಿಂದ: ಶ್ರೀಮತಿ ಚಿಕ್ಕತಾಯಮ್ಮ, ಕುಟುಂಬದ ಹಿರಿಯರು; ಶ್ರೀ ನಂಜೇಗೌಡ, ಮಾಲೀಕರು; ಶ್ರೀಮತಿ ಸರೋಜಮ್ಮ, ಧರ್ಮಪತ್ನಿ; ಕುಮಾರಿ ಕಾವ್ಯ, ಪುತ್ರಿ; ಶ್ರೀ ಕೆಂಪಣ್ಣ, ಸಹೋದರರು ಹಾಗೂ ಯುವ ಮುಖಂಡರು; ವೇದಮೂರ್ತಿ ಪುರೋಹಿತರು. ಅವರ ಬಲಗಡೆ, ಕಂಬಕ್ಕೆ ಕಟ್ಟಿದ ಗೊನೆಸಹಿತ ಬಾಳೆಕಂದು, ಅದರಾಚೆ ಬರೀ ಗೋಡೆ. ಚಿಕ್ಕತಾಯಮ್ಮ ಗೌಡರ ಅಕ್ಕ. ಹಸಿರು ಸೀರೆ ಉಟ್ಟು, ಉಳಿದವರಿಂದ ಒಂದು ಮಾರು ದೂರ, ಫೋಟೋದ ಎಡತುದಿಯಲ್ಲಿ ಒಬ್ಬರೇ ನಿಂತಿದ್ದರು. ಗಂಡನಿಲ್ಲದ ಹೆಂಗಸರು ಶುಭಕಾರ್ಯದ ಫೋಟೋಗಳಲ್ಲಿ ಯಾರೂ ಹೇಳದೆಯೇ ಹಾಗೆ ನಿಂತುಬಿಡುವುದನ್ನು ಎಷ್ಟೋ ಚಿತ್ರಗಳಲ್ಲಿ ನೋಡಿದ್ದೆನಾದ್ದರಿಂದ, ಇದೂ ಅದೇ ಇರಬೇಕೆಂದುಕೊಂಡು ಎರಡನೆಯ ಸಲ ಎಣಿಸಿ ಮುಂದಕ್ಕೆ ಹೋದೆ. ಗೌಡರು ಹೆಸರುಗಳನ್ನು ಓದಿಸಿ ಕೇಳಿ, ಯುವ ಮುಖಂಡರ ಹೆಸರಿನ ಮುಂದೆ ಇನ್ನೊಂದು ವಿಶೇಷಣ ಸೇರಬಹುದೇ ಎಂದು ವಿಚಾರಿಸಿ, ಒಪ್ಪಿದರು.

ಈಗ ತೊಡಕು ಏನೆಂದು ಹೇಳಿಬಿಡುತ್ತೇನೆ, ಕಷ್ಟವಿಲ್ಲ. ತೆರೆಯ ಮೇಲಿನ ಚಿತ್ರ ಎಂದರೆ ಬಣ್ಣದ ಚುಕ್ಕಿಗಳ ಜಾತ್ರೆ. ಮಸುಕು ಮಾಡುವುದೆಂದರೆ ಪ್ರತಿ ಚುಕ್ಕಿಯೂ ತನ್ನ ಸುತ್ತಲಿನ ಚುಕ್ಕಿಗಳಿಂದ ಒಂದಿಷ್ಟು ಬಣ್ಣ ತೆಗೆದುಕೊಂಡು, ತನ್ನದೊಂದಿಷ್ಟು ಕೊಟ್ಟು, ಎಲ್ಲರೂ ಸರಾಸರಿಯಾಗಿಬಿಡುವುದು. ನಡುವಿನ ಚುಕ್ಕಿಗೆ ನಾಲ್ಕೂ ಕಡೆ ನೆರೆಹೊರೆ ಇದೆ, ಆದ್ದರಿಂದ ಅದು ಸುಖವಾಗಿ ಕರಗುತ್ತದೆ. ಅಂಚಿನ ಚುಕ್ಕಿಗೆ ಒಂದು ಕಡೆ ಮಾತ್ರ ಬಳಗ. ಇನ್ನೊಂದು ಕಡೆ ಶೂನ್ಯ, ಎಂದರೆ ಪುಟದ ಬಿಳಿ. ಬೆರೆಯಬೇಕೆಂಬ ಆಜ್ಞೆ ಬಂದಿದೆ, ಬೆರೆಯಲು ಆ ಕಡೆ ಯಾರೂ ಇಲ್ಲ. ಹೀಗಾಗಿ ಅದು ಬಿಳಿಯೊಂದಿಗೇ ಬೆರೆತು ಬಿಳಿಚಿಕೊಳ್ಳುತ್ತದೆ. ಚಿತ್ರದ ಸುತ್ತ, ಹಿಟ್ಟಿನ ಕೈಯಲ್ಲಿ ಮುಟ್ಟಿದಂತೆ, ಬೆಳ್ಳನೆಯ ಜಾಲರಿ ಏಳುತ್ತದೆ. ಸಮಾಜ ಎಂಬುದೂ ಸುಮಾರಾಗಿ ಹೀಗೆಯೇ ಕೆಲಸ ಮಾಡುತ್ತದೆಯೆಂದು ಆಗ ನನಗೆ ಹೊಳೆದಿತ್ತು. ಅಂಥದ್ದು ಹೊಳೆದಾಗ ಅದನ್ನು ಸಂಜೆಯ ಚಹಾದ ಜೊತೆ ಹೇಳಿ ಖುಷಿಪಡುವುದಕ್ಕಷ್ಟೇ ಬಳಸುವುದು ಪತ್ರಿಕೆಯವರ ಚಾಳಿ. ನಾನೂ ಹಾಗೆಯೇ ಮಾಡಿದೆ.

ಮೊದಲ ಸಲ ನೋಡಿದಾಗ ಗೌಡರು ಮುಖ ಸಿಂಡರಿಸಿದರು. "ಏನವ್ವಾ ಇದು, ಅಂಚೆಲ್ಲಾ ಗೆದ್ಲು ತಿಂದಂಗದೆ?"

ಫರ್ಹಾನಾ ಅಂತರಜಾಲದಲ್ಲಿ ಹುಡುಕಿ ಉಪಾಯ ತಂದಳು. ಚಿತ್ರವನ್ನು ಅದರ ಕಿಟಕಿಗಿಂತ ತುಸು ದೊಡ್ಡದು ಮಾಡುವುದು. ಬಿಳಿಚಿದ ಅಂಚು ಕಿಟಕಿಯ ಆಚೆ ಬೀಳುತ್ತದೆ. ಆಚೆ ಬಿದ್ದದ್ದನ್ನು ತೋರಿಸಬೇಡವೆಂದು ಬ್ರೌಸರಿಗೆ ಹೇಳಿಬಿಡುವುದು. ಕಣ್ಣಿಗೆ ಕಾಣುವ ಅಂಚು ಚಾಕಲ್ಲಿ ಕುಯ್ದಂತೆ. ನಾವು ಚಪ್ಪಾಳೆ ತಟ್ಟಿದೆವು. ಹದಗೆಟ್ಟ ಅಂಚನ್ನು ಸರಿಮಾಡಿರಲಿಲ್ಲ, ಕಾಣದ ಕಡೆಗೆ ತಳ್ಳಿದ್ದೆವು; ಊರು ಚೊಕ್ಕವಾಗಿ ಕಾಣಲು ನಗರಗಳು ಅನುಸರಿಸುವ ಕ್ರಮವೂ ಅದೇ ಆಗಿದ್ದರಿಂದ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಗೌಡರಿಗೆ ಅಂಚು ಹಿಡಿಸಿತು, ಮಂಜು ಸಾಲಲಿಲ್ಲ. "ಇನ್ನೊಸಿ ಮಂಜು ಬರ್ಲಿ." ಮಂಜು ಹೆಚ್ಚಿದಷ್ಟೂ ಬಿಳಿ ಜಾಲರಿ ಒಳಕ್ಕೆ ಹರಿಯುತ್ತಿತ್ತು; ಅದನ್ನು ಆಚೆ ತಳ್ಳಲು ಚಿತ್ರ ಇನ್ನಷ್ಟು ದೊಡ್ಡದಾಗಬೇಕಿತ್ತು. ಎರಡು ದಿನ ಬಿಟ್ಟು ಫೋನಿನಲ್ಲಿ, "ಇನ್ನೂ ಒಸಿ." ಮತ್ತೆ ಹಿಗ್ಗಿಸಬೇಕಾಯಿತು. ಈ ಮೂರನೆಯ ಸಲ ಫರ್ಹಾನಾ ನನ್ನ ಕಡೆ ತಿರುಗಿ, "ಸಾರ್, ಇದಕ್ಕಿಂತ ಜಾಸ್ತಿ ಹಾಕಿದ್ರೆ ಏರ್‌ಪೋರ್ಟಲ್ಲಿ ಫ್ಲೈಟ್ ಇಳಿಯಲ್ಲ," ಎಂದಳು. ಆದರೂ ಹಾಕಿದಳು. ಮಂಜು ಸರಿದ ಮೇಲೆ ಚಿತ್ರ ಮತ್ತೆ ಮೊದಲಿನ ಅಳತೆಗೆ ಇಳಿದರೆ ಕುಲುಕಿದಂತೆ ಕಾಣುತ್ತದೆಂದು, ಹಿಗ್ಗಿದ ಅಳತೆಯಲ್ಲೇ ಅದನ್ನು ನಿಲ್ಲಿಸಿದಳು.

ಮೂರನೆಯ ವಾರ ಗೌಡರು ಕಚೇರಿಗೆ ಬಂದು, ಕುರ್ಚಿ ಎಳೆದು ಕೂತು, ಕೊನೆಯ ಪರೀಕ್ಷೆ ನಡೆಸಿದರು. ಮಂಜು ಬಂತು, ಸರಿಯಿತು. ಗೌಡರು ಮೀಸೆಸಮೇತ ಪ್ರಕಟವಾದರು. ತೃಪ್ತಿಯಿಂದ ತಲೆಯಾಡಿಸಿದವರು ಸಟ್ಟನೆ ಮುಂದಕ್ಕೆ ಬಾಗಿ ತೆರೆಯ ಎಡ ಅಂಚಿಗೆ ಬೆರಳಿಟ್ಟರು.

"ಇಲ್ಲೇನೋ ಹಸ್ರುಗೆ ಕಾಣ್ತದಲ್ಲವ್ವಾ. ಪಾಚಿ ಕಟ್ಟಿದಂಗೆ. ಕ್ಲೀನಾಗಿಲ್ಲ ಅಂಚು."

ನಿಜ, ಎಡತುದಿಯಲ್ಲಿ ಒಂದು ಬೆರಳಗಲ ಹಸಿರು ಉಳಿದಿತ್ತು. ಫರ್ಹಾನಾ ಚಿತ್ರವನ್ನು ಇನ್ನೊಂದಿಷ್ಟು ಹಿಗ್ಗಿಸಿದಳು. ಹಸಿರು ಹೋಯಿತು. "ಆಂ, ಈಗ ನೋಡು! ಚಾಕಲ್ಲಿ ಕುಯ್ದಂಗೆ," ಎಂದರು ಗೌಡರು. ನಾನು ಅವರ ಹಿಂದೆಯೇ ನಿಂತಿದ್ದೆ. ಆ ಹಸಿರು ಏನಿರಬಹುದೆಂದು ಕೇಳಬೇಕಾದವನು ನಾನು. ಕೇಳಲಿಲ್ಲ. ನನ್ನ ಅಡಿಬರಹಕ್ಕೆ ಒಪ್ಪಿಗೆ ಸಿಕ್ಕು ವಾರಗಳಾಗಿದ್ದವು, ನನ್ನ ಪಾಲಿಗೆ ಆ ಚಿತ್ರದ ಕೆಲಸ ಮುಗಿದಿತ್ತು.

ಕಾರ್ತಿಕ ಮಾಸ ಮುಗಿಯುವುದರೊಳಗೆ, ಒಂದು ಭಾನುವಾರ ಬೆಳಿಗ್ಗೆ, ಛತ್ರದಲ್ಲಿ ವೆಬ್‌ಸೈಟಿನ ಲೋಕಾರ್ಪಣೆ ನಡೆಯಿತು. ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಹಚ್ಚಿ, ಕೀಲಿಮಣೆಗೆ ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಿದ್ದರು. ಕೆಂಪಣ್ಣನವರ ಪರಿಚಯದ ಗಣ್ಯರೊಬ್ಬರು ಬಂದು ರಿಬ್ಬನ್ ಕತ್ತರಿಸಿ, ಮೌಸಿಗೆ ಹೂವೇರಿಸಿ, ಯಾವ ಗುಂಡಿ ಒತ್ತಬೇಕೆಂದು ಕೇಳಿ ಒತ್ತಿದರು. ವೇದಿಕೆಯ ಮೇಲಿನ ಗೋಡೆಯಗಲದ ತೆರೆಯಲ್ಲಿ ಮಂಜು ತುಂಬಿತು. ನಾಗಸ್ವರ ಮೊಳಗಿತು. ಮಂಜು ಸರಿದು ಗೌಡರ ಕುಟುಂಬ ದರ್ಶನ ಕೊಟ್ಟಿತು. ಅಂಚುಗಳು, ನಾನು ಪ್ರಮಾಣ ಮಾಡಿ ಹೇಳುತ್ತೇನೆ, ಅತ್ಯಂತ ನಿಖರವಾಗಿದ್ದವು.

ಆಮೇಲೆ ಅಡಿಬರಹ ಮೂಡಿತು. ಎಡದಿಂದ, ಎಂದು ಆರಂಭವಾಗಿ, ನಾನು ಬರೆದ ಕ್ರಮದಲ್ಲೇ, ಒಂದಕ್ಷರವೂ ತಪ್ಪದೆ.

ತೆರೆಯಲ್ಲಿ ಎಡದಿಂದ ಮೊದಲು ನಿಂತಿದ್ದವರು ಗೌಡರು. ಹಾಗಾಗಿ ದಪ್ಪ ಮೀಸೆಯ, ಮೈಸೂರು ಪೇಟದ ಗೌಡರು ಶ್ರೀಮತಿ ಚಿಕ್ಕತಾಯಮ್ಮನಾದರು. ಅವರ ಹೆಂಡತಿ ಸರೋಜಮ್ಮ ಶ್ರೀ ನಂಜೇಗೌಡ, ಮಾಲೀಕರು, ಆದರು. ಈ ಒಂದು ಸಾಲಿನಲ್ಲಿ ಮಾತ್ರ ಸತ್ಯ ತಾನಾಗಿಯೇ ಹೊರಬಂದಿದೆಯೆಂದು ಅಡುಗೆ ಕಂಟ್ರಾಕ್ಟರು ಆಮೇಲೆ ಹೇಳುತ್ತಿದ್ದರು. ಮಗಳು ಕಾವ್ಯ ತನ್ನ ತಂದೆಗೆ ಧರ್ಮಪತ್ನಿಯಾದಳು. ಬಿಳಿ ಗರಿಗರಿ ಅಂಗಿಯ ಕೆಂಪಣ್ಣ ಕುಮಾರಿ ಕಾವ್ಯ. ಪುರೋಹಿತರು ಯುವ ಮುಖಂಡರು. ಕಟ್ಟಕಡೆಗೆ, ಹೆಸರೊಂದು ಉಳಿದು ತಲೆ ಮುಗಿದುಹೋದ ಕಾರಣ, ವೇದಮೂರ್ತಿಗಳ ಪಟ್ಟ ಗೊನೆಹೊತ್ತ ಬಾಳೆಕಂದಿಗೆ ಬಂತು.

ಮೊದಲು ಹಿಂದಿನ ಸಾಲಿನಲ್ಲಿ ಕಿಸಕ್ ಎಂದದ್ದು ನಿಧಾನವಾಗಿ ಸಭೆಯೆಲ್ಲ ಹಬ್ಬಿತು. "ಏನ್ ಗೌಡ್ರೆ, ಅಕ್ಕೋರು ಮೀಸೆ ಬಿಟ್ಟವ್ರೆ!" ಎಂದು ಯಾರೋ ಕೂಗಿದರು. "ಕುಮಾರಿ ಕಾವ್ಯಂಗೆ ಜೈ!" ಎಂದು ಕೆಂಪಣ್ಣನ ಹುಡುಗರೇ ಕೂಗಿದರು. ಮೊಬೈಲುಗಳು ಎದ್ದವು. ಗಣ್ಯರು ಮಾತ್ರ ನಗಲಿಲ್ಲ. ಅವರು ಅಷ್ಟು ಹೊತ್ತಿಗಾಗಲೇ ಬಾಳೆಕಂದಿಗೂ ಸೇರಿಸಿ ಎಲ್ಲರಿಗೂ ಕೈ ಮುಗಿದಾಗಿತ್ತು.

ಊಟದ ಮನೆಯ ಬಾಗಿಲ ಬಳಿ, ಕೊನೆಯ ಕುರ್ಚಿಯಲ್ಲಿ, ಹಸಿರು ಸೀರೆಯ ಹೆಂಗಸೊಬ್ಬರು ಕೂತಿದ್ದರು. ನಾನು ಮುಖ ಮರೆಸಿಕೊಳ್ಳಲು ಅಲ್ಲಿಗೇ ಹೋಗಿ ನಿಂತಿದ್ದೆ. ಚಿಕ್ಕತಾಯಮ್ಮನಿಗೆ ಓದಲು ಬರುತ್ತಿರಲಿಲ್ಲ. ಹೆಸರುಗಳ ಪಲ್ಲಟ ಅವರಿಗೆ ತಿಳಿಯುವಂತಿರಲಿಲ್ಲ. ಅವರಿಗೆ ಕಂಡದ್ದು ಇಷ್ಟೇ: ಗೋಡೆಯಗಲದ ಚಿತ್ರದಲ್ಲಿ ಎಲ್ಲರೂ ಇದ್ದಾರೆ, ತಾನಿಲ್ಲ, ಯಾರೋ ಅಕ್ಕೋರು ಎಂದು ಕೂಗಿದರು, ಜನ ನಗುತ್ತಿದ್ದಾರೆ.

"ಏನಪ್ಪಾ," ಎಂದು ನನ್ನ ಅಂಗಿಯ ಚುಂಗು ಹಿಡಿದರು. "ನೀನೇ ಅಂತಲ್ಲ ಇದ ಬರ್ದೋನು. ಅವತ್ತು ನಾನು ಇರ್ನಿಲ್ವಾ?"

ಸಂಗತಿಗೆ ಸಂಗತಿ ಹೇಳಿ ರೂಢಿಯಾದ ಬಾಯಿ. "ಇದ್ರಿ ಅಮ್ಮ. ಎಡದಿಂದ ಮೊದಲನೆಯವರೇ ನೀವು."

"ಮತ್ತೆ?"

ಚಿಕ್ಕತಾಯಮ್ಮ ಎದ್ದರು, ಸೆರಗು ಸರಿಮಾಡಿಕೊಂಡು ಹಿಂಬಾಗಿಲಿನಿಂದ ಹೊರಟರು. ಅಂದಿನ ಮಧ್ಯಾಹ್ನವೇ ಯಲಹಂಕದಲ್ಲಿದ್ದ ಮಗಳ ಮನೆಗೆ ಹೋದವರು ಮರಳಿ ಬರಲಿಲ್ಲ.

ಹತ್ತು ದಿನ ಕಳೆದು ಗೌಡರು ಕಚೇರಿಗೆ ಬಂದರು. ಅಪಹಾಸ್ಯದ ಲೆಕ್ಕ ಕೇಳಲು ಬಂದರೆಂದು ನಾವು ಸಿದ್ಧರಾಗಿದ್ದೆವು; ಅಡಿಬರಹವನ್ನು ಅಂದೇ ತೆಗೆದುಹಾಕಿಯೂ ಆಗಿತ್ತು. ಆದರೆ ಅವರಿಗೆ ಈಗ ಆ ನಗೆಯ ಚಿಂತೆ ಇರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಅದೇ ಛತ್ರದಲ್ಲಿ ಮಗಳು ಕಾವ್ಯಳ ಮದುವೆ ಗೊತ್ತಾಗಿತ್ತು. ಚಿಕ್ಕಂದಿನಿಂದ ಅವಳನ್ನು ಎತ್ತಿ ಆಡಿಸಿ ಬೆಳೆಸಿದವರು ಚಿಕ್ಕತಾಯಮ್ಮ. ಫೋನು ಮಾಡಿದರೆ ಆಕೆ ಎತ್ತುತ್ತಿಲ್ಲ, ಮದುವೆಗೆ ಬರುವುದಿಲ್ಲವೆಂದು ಯಲಹಂಕದ ಮಗಳ ಕೈಲಿ ಹೇಳಿಸಿದ್ದಾರೆ. ಅತ್ತೆ ಬರದಿದ್ದರೆ ತಾನು ಹಸೆಮಣೆಗೆ ಕೂರುವುದಿಲ್ಲವೆಂದು ಇತ್ತ ಕಾವ್ಯ ಹಟ ಹಿಡಿದಿದ್ದಾಳೆ.

"ಯಾರ್ ತಪ್ಪಿದು? ಅದ ಏಳಿ ಮೊದ್ಲು," ಎಂದರು ಗೌಡರು.

ಪತ್ರಿಕೆಯಲ್ಲಿ ಇಂಥ ವಿಚಾರಣೆಗಳನ್ನು ಬೇಕಾದಷ್ಟು ನೋಡಿದ್ದೆ. ತಪ್ಪು ಯಾವಾಗಲೂ ಎರಡು ಮೇಜುಗಳ ನಡುವಿನ ಜಾಗದಲ್ಲಿ ನಡೆದಿರುತ್ತದೆ. ಆ ಜಾಗದಲ್ಲಿ ಕೂರುವವರು ಯಾರೂ ಇರುವುದಿಲ್ಲ. ನನಗೆ ಕೊಟ್ಟ ಫೋಟೋದಲ್ಲಿ ಆರು ತಲೆ ಇದ್ದವು, ಆರು ಹೆಸರು ಬರೆದೆ, ಎಂದೆ ನಾನು. ಅಂಚು ಕ್ಲೀನಾಗಿರಬೇಕು ಅಂದ್ರಿ, ಕ್ಲೀನ್ ಮಾಡಿದೆ, ಎಂದಳು ಫರ್ಹಾನಾ. ಇಬ್ಬರ ಮಾತೂ ನೂರಕ್ಕೆ ನೂರು ಸತ್ಯ, ಹಾಗೂ ಅಷ್ಟೇ ನಿಷ್ಪ್ರಯೋಜಕ.

"ನಾನು ನಮ್ಮಕ್ಕನ್ ತೆಗೀರಿ ಅಂತ ಏಳಿದ್ನಾ?"

ಫರ್ಹಾನಾ ಮೂಲ ಫೋಟೋ ತೆರೆದಳು. ಅದರ ಮೇಲೆ, ಹಿಗ್ಗಿಸಿದಾಗ ಉಳಿಯುತ್ತಿದ್ದ ಭಾಗವನ್ನು ಕೆಂಪು ಗೆರೆಯಿಂದ ಗುರುತಿಸಿದಳು. ಮೊದಲ ಗೆರೆ ಚಿಕ್ಕತಾಯಮ್ಮನ ಕೈಬಳಿ. ಎರಡನೆಯದು ಕತ್ತಿನ ಬಳಿ, ಉದ್ದಕ್ಕೆ. ಮೂರನೆಯದರ ಒಳಗೆ ಉಳಿದದ್ದು ಹಸಿರು ಸೆರಗಿನ ಒಂದು ಬೆರಳಗಲ. ನಾಲ್ಕನೆಯದರ ಒಳಗೆ ಏನೂ ಇಲ್ಲ.

ಗೌಡರು ಮೂರನೆಯ ಗೆರೆಯೊಳಗಿನ ಹಸಿರಿನ ಮೇಲೆ ಬೆರಳಿಟ್ಟರು. "ಪಾಚಿ ಅಂದ್ನಲ್ಲ ನಾನು," ಎಂದರು. ಮತ್ತೆ ಯಾರ ತಪ್ಪೆಂದು ಕೇಳಲಿಲ್ಲ.

ಮರುದಿನ ಫರ್ಹಾನಾ ಬೇರೆ ದಾರಿ ಮಾಡಿಕೊಂಡು ಬಂದಿದ್ದಳು. ಸ್ಪಷ್ಟವಾದ ಚಿತ್ರವನ್ನು, ಯಾರನ್ನೂ ಹಿಗ್ಗಿಸದೆ ಕುಗ್ಗಿಸದೆ, ಇಡಿಯಾಗಿ ಕೆಳಗೆ ಹಾಸುವುದು. ಅದರ ಮೇಲೆ ಅದೇ ಚಿತ್ರದ ಮಸುಕಾದ ಪ್ರತಿಯೊಂದನ್ನು ಹೊದಿಸುವುದು. ಮಂಜು ಸರಿಯಬೇಕಾದಾಗ ಮೇಲಿನ ಹೊದಿಕೆಯನ್ನು ಮಾತ್ರ ನಿಧಾನವಾಗಿ ಕರಗಿಸುವುದು. ಹೊದಿಕೆಯ ಅಂಚು ಎಷ್ಟೇ ತೆಳುವಾಗಲಿ, ಅಲ್ಲಿ ಇಣುಕುವುದು ಪುಟದ ಬಿಳಿಯಲ್ಲ, ಕೆಳಗಿನ ಚಿತ್ರದ್ದೇ ಬಣ್ಣ. ಅಂಚು ಖಚಿತವಾಗಿಯೇ ಇರುತ್ತದೆ, ಯಾರೂ ಆಚೆ ಬೀಳುವುದಿಲ್ಲ. ಇಷ್ಟು ಸುಲಭದ್ದನ್ನು ಮೊದಲೇ ಏಕೆ ಮಾಡಲಿಲ್ಲವೆಂದು ಕೇಳಿದೆ.

"ಫಸ್ಟ್ ಸಿಕ್ಕಿದ ಆನ್ಸರ್ ತಗೊಂಡೆ ಸಾರ್. ಅದರ ಕೆಳಗೆ ಎಲ್ರೂ ಥ್ಯಾಂಕ್ಸ್ ಹಾಕಿದ್ರು. ಅವರ ಫೋಟೋದಲ್ಲೆಲ್ಲಾ ಬರೀ ಗುಡ್ಡ, ಸಮುದ್ರ. ಅಂಚಲ್ಲಿ ಯಾರೂ ನಿಂತಿರ್ಲಿಲ್ಲ."

ಗೌಡರು ನಮ್ಮಿಬ್ಬರನ್ನೂ ಲ್ಯಾಪ್‌ಟಾಪನ್ನೂ ಕಾರಿನಲ್ಲಿ ಹಾಕಿಕೊಂಡು ಯಲಹಂಕಕ್ಕೆ ಹೊರಟರು. ಕಂಪ್ಯೂಟರಿನಿಂದ ಹೋದದ್ದು ಕಂಪ್ಯೂಟರಿನಿಂದಲೇ ಬರುತ್ತದೆಂಬುದು ಅವರ ನಂಬಿಕೆ. ದಾರಿಯುದ್ದಕ್ಕೂ ಫರ್ಹಾನಾ ಮಡಿಲಲ್ಲಿ ಲ್ಯಾಪ್‌ಟಾಪ್ ತೆರೆದು ಮಂಜನ್ನು ತರಿಸುತ್ತ, ಓಡಿಸುತ್ತ ಪರೀಕ್ಷಿಸುತ್ತಿದ್ದಳು.

ಚಿಕ್ಕತಾಯಮ್ಮ ಮಗಳ ಮನೆಯ ಜಗಲಿಯಲ್ಲಿ ಕೂತು, ನೆನೆಸಿದ ಅವರೆಕಾಳು ಹಿತಕುತ್ತಿದ್ದರು. ಒಂದು ಕಡೆ ಬೇಳೆ, ಇನ್ನೊಂದು ಕಡೆ ಸಿಪ್ಪೆ. ತಮ್ಮನನ್ನು ಕಂಡು ಕೈ ನಿಲ್ಲಿಸಲಿಲ್ಲ. ಫರ್ಹಾನಾ ಮೊರದ ಪಕ್ಕದಲ್ಲೇ ಮಂಡಿಯೂರಿ ತೆರೆಯನ್ನು ಅವರತ್ತ ತಿರುಗಿಸಿದಳು. ಮಂಜು ಸರಿಯಿತು. ಹಸಿರು ಸೀರೆ, ಸಾಲಿನಿಂದ ಒಂದು ಮಾರು ದೂರ, ಇಡಿಯಾಗಿ.

"ನೋಡಕ್ಕಯ್ಯ, ಬಂದೆ ಈಗ ನೀನು," ಎಂದರು ಗೌಡರು, ತಾವೇ ತಂದು ನಿಲ್ಲಿಸಿದವರಂತೆ. "ಕಂಪ್ಯೂಟ್ರು ಮಾಡಿದ್ ತಪ್ಪು ಕಣಕ್ಕಯ್ಯ. ಸರಿ ಮಾಡ್ಸಿವ್ನಿ."

ಚಿಕ್ಕತಾಯಮ್ಮ ಇಣುಕಿ ನೋಡಿದರು. "ಸಂತೋಸ," ಎಂದು ಇನ್ನೊಂದು ಕಾಳು ಹಿತಕಿದರು. ಬೇಳೆ ಚಿಮ್ಮಿ ಫರ್ಹಾನಾಳ ಕೀಲಿಮಣೆಯ ಮೇಲೆ ಬಿತ್ತು. "ಅವತ್ತು ಫೋಟೋದೋನು ಕರೆದ ಅಂತ ಬಂದೆ ಕಣೋ. ನೀನ್ ಕರೀನಿಲ್ಲ. ಅದುಕ್ಕೇ ಅಷ್ಟು ದೂರ ನಿಂತಿದ್ದು. ಕಂಪ್ಯೂಟ್ರೇನು ಮಾಡೀತು ಪಾಪ."

"ಕರ್ಯೋದೇನಕ್ಕಯ್ಯ? ಅದು ನಿನ್ ಮನೇನೇ ಅಲ್ವಾ?"

"ನಮ್ಮನೆ ಅಂತ್ಲೇ ಊಟದ್ ಮನ್ಯಾಗೆ ಕುಂತು ನೋಡ್ತಿದ್ದೆ. ನೀನು ಎಂಡ್ತೀನ ಕರೆದೆ, ಮಗ್ಳ ಕರೆದೆ, ಕೆಂಪನ್ನ ಕರೆದೆ. ಅಯ್ನೋರ್ನ ಕೈ ಇಡ್ದು ಕರ್ಕಂಡೋಗಿ ನಿಲ್ಲಿಸ್ದೆ. ಆಮೇಲೆ ಫೋಟೋದೋನು ಈ ಕಡೆ ಖಾಲಿ ಅದೆ, ಯಾರಾದ್ರೂ ಬನ್ನಿ ಅಂದ. ನಾನು ಯಾರಾದ್ರೂ ಆಗಿ ಬಂದೆ."

ಫೋಟೋ ನೋಡಿ ನಾನು ಮನಸ್ಸಿನಲ್ಲೇ ಬರೆದುಕೊಂಡಿದ್ದ ವಿಧವೆಯ ರೂಢಿಯ ಟಿಪ್ಪಣಿ ಅಲ್ಲಿಗೆ ಚೂರುಚೂರಾಯಿತು. ಅಷ್ಟು ವರ್ಷ ಸುದ್ದಿಮನೆಯಲ್ಲಿದ್ದವನು, ಕೇಳದೆ ಊಹಿಸಬಾರದೆಂಬ ಮೊದಲ ಪಾಠವನ್ನೇ ಬಿಟ್ಟಿದ್ದೆ. ಚೌಕಟ್ಟಿನೊಳಗೆ ಬಂದ ಅಂಗುಲಗಳನ್ನು ಅಳೆಯುತ್ತ ನಾವು ಮೂರು ವಾರ ಬೆವರಿದ್ದೆವು. ಆ ಹೆಂಗಸು ಅಳೆಯುತ್ತಿದ್ದದ್ದು ಬೇರೆ ದೂರವನ್ನು. ಅದು ಫೋಟೋ ತೆಗೆಯುವ ಮೊದಲೇ ಅಲ್ಲಿತ್ತು, ಯಾವ ತಂತ್ರದಿಂದಲೂ ಹೊದಿಸಲಾಗದಷ್ಟು ಸ್ಪಷ್ಟವಾಗಿ.

ಗೌಡರು ಎದ್ದರು. ಚಿಕ್ಕತಾಯಮ್ಮ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಫರ್ಹಾನಾಳ ಕೈಗೆ ಒಂದು ಡಬ್ಬಿ ಹಿತಕಿದ ಬೇಳೆ ಕೊಟ್ಟು, "ನಿಮ್ಮಮ್ಮಂಗೆ ಕೊಡವ್ವಾ," ಎಂದರು.

ಮದುವೆಗೆ ನಮಗೂ ಕರೆ ಬಂದಿತ್ತು. ಚಿಕ್ಕತಾಯಮ್ಮ ಬಂದಿದ್ದರು. ಬೆಳಿಗ್ಗೆ ಬಂದವರೇ ಕಾವ್ಯಳ ಕೆನ್ನೆ ಸವರಿ, ತಮ್ಮನ ಮುಖ ನೋಡದೆ, ನೇರ ಊಟದ ಮನೆಗೆ ಹೋಗಿ ಬಡಿಸುವವರ ಮೇಲೆ ಅಧಿಕಾರ ವಹಿಸಿಕೊಂಡಿದ್ದರು. ಧಾರೆ ಮುಗಿದು, ವೇದಿಕೆಯ ಮೇಲೆ ಮನೆಯವರ ಫೋಟೋದ ಹೊತ್ತು ಬಂತು. ವಧೂವರರ ಬಲಕ್ಕೆ ಬೀಗರು ಸಾಲಾಗಿ ನಿಂತರು. ಎಡಕ್ಕೆ ಕೆಂಪಣ್ಣ, ಸರೋಜಮ್ಮ, ಗೌಡರು. ಫೋಟೋದವನು ಎಂದಿನಂತೆ ಕೈ ಬೀಸಿ, "ಎಡಗಡೆ ಸ್ವಲ್ಪ ಖಾಲಿ ಇದೆ, ಯಾರಾದ್ರೂ ಬನ್ನಿ," ಎಂದ.

ಕೆಂಪಣ್ಣನ ಇಬ್ಬರು ಬೆಂಬಲಿಗರು ಆಗಲೇ ಅಂಗಿ ಎಳೆದುಕೊಳ್ಳುತ್ತ ಮೆಟ್ಟಿಲೇರುತ್ತಿದ್ದರು. ಗೌಡರು ಅವರನ್ನು ಕೈಯಿಂದ ತಡೆದು, ತಾವೇ ಕೆಳಗಿಳಿದರು. ಪೇಟ, ಶಲ್ಯ, ಪಂಚೆಯ ಸಮೇತ ಸಭೆಯ ನಡುವಿನ ಹಾದಿಯಲ್ಲಿ ಉದ್ದಕ್ಕೆ ನಡೆದು, ಊಟದ ಮನೆಯ ಬಾಗಿಲಲ್ಲಿ ನಿಂತು, ಹೊಲದ ಆ ತುದಿಯಿಂದ ಈ ತುದಿಗೆ ಕರೆಯುವಂತೆ ಕೂಗಿದರು.

"ಅಕ್ಕಯ್ಯೋ! ಫೋಟೋಗೆ ಬಾ!"

ನಾಗಸ್ವರದವರು ಉಸಿರು ನಿಲ್ಲಿಸಿದರು. ಒಳಗಿನಿಂದ ನಿಧಾನವಾದ ದನಿ ಬಂತು: "ಕೈ ತೊಳ್ಕತೀನಿ. ಇರು."

ಇದ್ದರು. ಎಲ್ಲರೂ ಇದ್ದರು. ಬೀಗರು ನಗುವನ್ನು ಮುಖದ ಮೇಲೆ ಹಾಗೆಯೇ ಹಿಡಿದುಕೊಂಡು, ವರ ಬಾಸಿಂಗದ ಕೆಳಗೆ ಬೆವರುತ್ತ, ಫೋಟೋದವನು ಗಡಿಯಾರ ನೋಡುತ್ತ. ನಲ್ಲಿಯ ಸದ್ದು ಕೇಳಿಸಿತು. ಆಮೇಲೆ ಯಾರಿಗೋ, "ಅನ್ನ ಇನ್ನೊಂದು ಪಂಕ್ತಿಗೆ ಆಗ್ತದೇನೋ?" ಎಂದು ವಿಚಾರಿಸಿದ್ದು ಕೇಳಿಸಿತು. ಗೌಡರು ಬಾಗಿಲಲ್ಲಿ ಕೈಕಟ್ಟಿ ನಿಂತೇ ಇದ್ದರು. ಚಿಕ್ಕತಾಯಮ್ಮ ಕೈಯೊರೆಸಿಕೊಳ್ಳುತ್ತ ಹೊರಬಂದು, ತಮ್ಮನ ಮುಂದೆ ಮುಂದೆ ನಡೆದು, ವೇದಿಕೆ ಏರಿ, ಸಾಲು ಮುಗಿಯುವಲ್ಲಿಂದ ಒಂದು ಮಾರು ದೂರದಲ್ಲಿ ನಿಂತರು.

ಹಿಂದೆ ಬಂದ ಗೌಡರು ಹೆಂಡತಿಯ ಪಕ್ಕದ ತಮ್ಮ ಜಾಗಕ್ಕೆ ಹೋಗಲಿಲ್ಲ. ಅಕ್ಕನನ್ನು ದಾಟಿ, ಅವರ ಎಡಕ್ಕೆ, ಹೂವಿನ ಕುಂಡಗಳೂ ಮುಗಿದುಹೋದ ಕಡೆ, ವೇದಿಕೆಯ ತೀರ ತುದಿಗೆ ಹೋಗಿ ನಿಂತರು. ಫೋಟೋದವನು ಕ್ಯಾಮೆರಾದಿಂದ ಕಣ್ಣು ತೆಗೆದು, "ಗೌಡ್ರೆ, ನೀವು ಬರಲ್ಲ ಫೋಟೋದಲ್ಲಿ," ಎಂದ.

"ಬರ್ದಿದ್ರೆ ಬುಡು," ಎಂದರು ಗೌಡರು, ಇನ್ನೂ ಅರ್ಧ ಹೆಜ್ಜೆ ಆಚೆ ಸರಿಯುತ್ತ.

ಚಿಕ್ಕತಾಯಮ್ಮ ತಿರುಗಿ ನೋಡಿದರು. ತಮ್ಮನ ಹಿಮ್ಮಡಿ ಹಲಗೆಯ ಅಂಚಿನಾಚೆ ಗಾಳಿಯಲ್ಲಿತ್ತು. ಶಲ್ಯದ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಅವರು ಒಂದೇ ಸಲ ಎಳೆದರು. ಗೌಡರು ಮುಗ್ಗರಿಸಿ ಅಕ್ಕನ ಭುಜಕ್ಕೆ ಬಂದು ತಾಗಿದರು, ಅಕ್ಕ ಸರೋಜಮ್ಮನಿಗೆ, ಸರೋಜಮ್ಮ ಕೆಂಪಣ್ಣನಿಗೆ.

"ಒಳಿಕ್ ಬಾರೋ ಮೂದೇವಿ," ಎಂದರು ಚಿಕ್ಕತಾಯಮ್ಮ. "ಬಿದ್ದೋಗೀಯ."